ಸಂಡರ್‌ಲ್ಯಾಂಡ್‌ನಲ್ಲಿ ಲೋಕಲ್ ವಾಯ್ಸ್ ಆರ್ಟಿಸ್ಟ್ ಬೇಕು: ಯಾರನ್ನ ತಗೊಳ್ಳೋದು, ಎಷ್ಟು ಕೊಡೋದು?

ಪ್ರಶ್ನೆ: ನಾವು ಶಿವಮೊಗ್ಗದವರು, ಈಗ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ಇದ್ದೀವಿ. ನಾನು ನರ್ಸ್ ಆಗಿದ್ದೆ, ಈಗ ನಾನೂ ನಮ್ಮ ಯಜಮಾನರೂ ಸೇರಿ ವಯಸ್ಸಾದವರನ್ನ ಅವರ ಮನೆಗೇ ಹೋಗಿ ನೋಡ್ಕೊಳ್ಳೋ ಸಣ್ಣ ಹೋಮ್ ಕೇರ್ ಸರ್ವಿಸ್ ಶುರು ಮಾಡಿದೀವಿ. ಒಂದೂವರೆ ನಿಮಿಷದ ಒಂದು ವಿಡಿಯೋಗೆ, ಆಮೇಲೆ ನಮ್ಮ ಫೋನ್ ಗ್ರೀಟಿಂಗ್‌ಗೆ ವಾಯ್ಸ್ ಬೇಕು. ಸ್ಕ್ರಿಪ್ಟ್‌ನ ಡ್ರಾಫ್ಟ್ ಜೊತೆಗೇ ಕಳ್ಸಿದೀನಿ. ಆನ್‌ಲೈನ್‌ನಲ್ಲಿ ವಿಚಾರಿಸಿದ್ರೆ ಒಬ್ಬರು 30 ಪೌಂಡ್ ಅಂತಾರೆ, ಇನ್ನೊಬ್ಬರು 400 ಅಂತಾರೆ. ಲೋಕಲ್ ಆಕ್ಸೆಂಟೇ ಬೇಕಾ ಅಥವಾ ನ್ಯೂಸ್ ಓದೋರ ತರ ಇಂಗ್ಲಿಷ್ ಸಾಕಾ? ಎಐ ವಾಯ್ಸ್ ಹಾಕಿದ್ರೆ ಆಗಲ್ವಾ? ನಾನೇ ಮಾತಾಡೋಣ ಅಂದ್ರೆ ನನ್ನ ಇಂಗ್ಲಿಷ್ ನಮ್ಮ ಕಡೆ ಇಂಗ್ಲಿಷ್, ಸಂಕೋಚ ಆಗುತ್ತೆ.

ಉತ್ತರ:

ನೇರವಾಗಿ ಹೇಳ್ಬಿಡ್ತೀನಿ. ಲೋಕಲ್ ವಾಯ್ಸೇ ತಗೊಳ್ಳಿ, ಮನುಷ್ಯರದ್ದೇ ತಗೊಳ್ಳಿ, 30 ಪೌಂಡಿಂದು ಬೇಡ. ನಿಮ್ಮ ದನೀನೂ ಅದರಲ್ಲಿ ಸ್ವಲ್ಪ ಇರ್ಲಿ, ಯಾಕೆ ಅಂತ ಮುಂದೆ ಹೇಳ್ತೀನಿ. ಆದ್ರೆ ನಿಮ್ಮ ಪ್ರಶ್ನೆ ಪೂರ್ತಿ ಮಾತಾಡೋರ ಬಗ್ಗೆನೇ ಇದೆ, ಕೇಳೋರು ಯಾರು ಅನ್ನೋದು ಅದರಲ್ಲಿ ಬಂದೇ ಇಲ್ಲ. ವಾಯ್ಸ್ ಕಾಸ್ಟಿಂಗ್, ಅಂದ್ರೆ ಕೆಲಸಕ್ಕೆ ತಕ್ಕ ದನಿ ಆರಿಸೋದು, ಮಾಡುವಾಗ ನಾನು ಮೊದಲು ಕೇಳೋ ಪ್ರಶ್ನೆ ಅದೇ, ಈ ದನಿ ಯಾರ ಕಿವಿಗೆ ಬೀಳ್ಬೇಕು ಅಂತ. ನಿಮ್ಮ ಊರಲ್ಲಿ, ನಿಮ್ಮ ಕೆಲಸದಲ್ಲಿ, ಈ ಪ್ರಶ್ನೆಗೆ ಬೇರೆ ಎಲ್ಲಿಗಿಂತ ಜಾಸ್ತಿ ತೂಕ ಇದೆ.

ನೀವು ಇರೋ ಊರು ಒಂದು ಕಾಲಕ್ಕೆ ಹಡಗು ಕಟ್ಟೋದ್ರಲ್ಲಿ ಪ್ರಪಂಚದಲ್ಲೇ ದೊಡ್ಡ ಊರು ಅನ್ನಿಸ್ಕೊಂಡಿತ್ತು. ವೇರ್ ನದಿಯ ಎರಡೂ ದಡದಲ್ಲಿ ಯಾರ್ಡ್‌ಗಳು, ಪ್ಯಾಲಿಯನ್‌ನಲ್ಲಿ ಡಾಕ್ಸ್‌ಫರ್ಡ್ ಕಂಪನಿ, ಸೌತ್‌ವಿಕ್‌ನಲ್ಲಿ ಆಸ್ಟಿನ್ ಅಂಡ್ ಪಿಕರ್ಸ್‌ಗಿಲ್ ಕಂಪನಿ, ಈ ಎರಡನೆಯವರು ಕಟ್ಟಿದ ಎಸ್‌ಡಿ14 ಅನ್ನೋ ಸರಕು ಹಡಗು ಎಲ್ಲಾ ಸಮುದ್ರದಲ್ಲೂ ಓಡಾಡ್ತಿತ್ತು. 1988ರ ಡಿಸೆಂಬರ್‌ನಲ್ಲಿ ಉಳಿದಿದ್ದ ಯಾರ್ಡ್‌ಗಳನ್ನೂ ಮುಚ್ತೀವಿ ಅಂತ ಸರ್ಕಾರ ಹೇಳ್ತು, ಅಲ್ಲಿಗೆ ಮುಗೀತು. ಈಗ ಲೆಕ್ಕ ಹಾಕಿ. 1960ರಲ್ಲಿ ಹದಿನೈದು ವರ್ಷಕ್ಕೆ ಅಪ್ರೆಂಟಿಸ್ ಆಗಿ ಸೇರಿದ ಹುಡುಗನಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಹೋಮ್ ಕೇರ್‌ಗೆ ಫೋನ್ ಮಾಡೋರು ಇವರೇ, ಇಲ್ಲಾಂದ್ರೆ ಇವರ ಹೆಂಡತಿ, ಇಲ್ಲಾಂದ್ರೆ ಮಗಳು.

ಆ ಮನುಷ್ಯ ಕೆಲಸಕ್ಕೆ ಸೇರಿದ ಕಾಲಕ್ಕೆ ರಿವೆಟ್ ಹೊಡೆಯೋದು ಹೋಗಿ ವೆಲ್ಡಿಂಗ್ ಬಂದಿತ್ತು ನಿಜ, ಆದ್ರೆ ಗಲಾಟೆ ಎಲ್ಲೂ ಹೋಗಿರ್ಲಿಲ್ಲ. ಕಬ್ಬಿಣದ ಪ್ಲೇಟ್ ಅಂಚನ್ನ ಗಾಳಿ ಸುತ್ತಿಗೆಯಿಂದ ಕುಟ್ಟಿ ಸರಿ ಮಾಡೋ ಕಾಕರ್‌ಗಳು, ಗ್ರೈಂಡಿಂಗ್ ಮಾಡೋರು, ಇವರೆಲ್ಲ ಹಡಗಿನ ಹೊಟ್ಟೆಯೊಳಗೆ, ನಾಲ್ಕೂ ಕಡೆ ಉಕ್ಕಿನ ಗೋಡೆ ಇರೋ ಜಾಗದಲ್ಲಿ ದಿನವಿಡೀ ಕೆಲಸ ಮಾಡ್ತಿದ್ರು, ಕಿವಿಗೆ ಏನೂ ಇಲ್ದೆ. ಇದು ಕಿವಿ ಕೆಡಿಸುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ ಅಂತಲ್ಲ. 1886ರಲ್ಲೇ ಗ್ಲಾಸ್ಗೋದಲ್ಲಿ ಥಾಮಸ್ ಬಾರ್ ಅನ್ನೋ ಡಾಕ್ಟರ್ ನೂರು ಜನ ಬಾಯ್ಲರ್ ಮೇಕರ್‌ಗಳ ಕಿವಿ ಪರೀಕ್ಷೆ ಮಾಡಿದ್ರು, ನೂರರಲ್ಲಿ ಒಬ್ಬರಿಗೂ ಸರಿಯಾಗಿ ಕೇಳಿಸ್ತಿರ್ಲಿಲ್ಲ. ಬ್ರಿಟಿಷ್ ಸರ್ಕಾರ ಕೆಲಸದ ಜಾಗದ ಶಬ್ದದ ಬಗ್ಗೆ ಮಾಲೀಕರಿಗೆ ಅಂತ ಕೈಪಿಡಿ ತಂದಿದ್ದು 1963ರಲ್ಲಿ. ನಿಮ್ಮ ಪಕ್ಕದ ಟೈನ್ ನದಿಯ ನಾರ್ತ್ ಶೀಲ್ಡ್ಸ್‌ನ ಹಡಗು ರಿಪೇರಿ ಯಾರ್ಡ್ ಕೆಲಸಗಾರರು ಕಿವಿ ಹೋಯ್ತು ಅಂತ ಹಾಕಿದ ಕೇಸು 1984ರಲ್ಲಿ ತೀರ್ಮಾನ ಆದಾಗ, ಕೋರ್ಟ್ ಆ 1963ನೇ ಇಸವಿಯನ್ನೇ ಗೆರೆ ಮಾಡ್ಕೊಂಡು, ಅಲ್ಲಿಂದ ಈಚೆಗೆ ಮಾಲೀಕರದ್ದೇ ಹೊಣೆ ಅಂತು. ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ ನಿಮ್ಮ ವಾಯ್ಸ್ ಆರ್ಟಿಸ್ಟ್ ಮಾತಾಡ್ಬೇಕಾಗಿರೋದು ಈ ಕಿವಿಗಳಿಗೆ.

ಶಬ್ದದಿಂದ ಕೆಟ್ಟ ಕಿವಿ ಹೇಗಿರುತ್ತೆ ಅಂತ ಸ್ವಲ್ಪ ತಿಳ್ಕೊಳ್ಳಿ, ಇದು ಗೊತ್ತಾದ್ರೆ ಅರ್ಧ ಕಾಸ್ಟಿಂಗ್ ಮುಗಿದ ಹಾಗೆ. ಹರ್ಟ್ಜ್ ಅನ್ನೋದು ದನಿ ಎಷ್ಟು ತೆಳು, ಎಷ್ಟು ದಪ್ಪ ಅನ್ನೋದರ ಅಳತೆ, ಸಂಖ್ಯೆ ಜಾಸ್ತಿ ಆದಷ್ಟೂ ದನಿ ತೆಳು. ಮೊದಲು ಪೆಟ್ಟು ಬೀಳೋದು 4,000 ಹರ್ಟ್ಜ್ ಆಸುಪಾಸಿಗೆ. ಅ, ಆ, ಓ ತರದ ಸ್ವರಗಳ ಶಕ್ತಿ ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತೆ, ಹಾಗಾಗಿ ಅವು ಚೆನ್ನಾಗೇ ಕೇಳಿಸ್ತವೆ. ಎಸ್, ಎಫ್, ಟಿ, ಥ್ ತರದ ವ್ಯಂಜನಗಳು ಮೇಲಿನ ಭಾಗದಲ್ಲಿ ಇರ್ತವೆ, ಅವೇ ಹೋಗ್ಬಿಡ್ತವೆ. ಅಜ್ಜ ಅದಕ್ಕೇ "ನೀನು ಮಾತಾಡೋದು ಕೇಳಿಸುತ್ತೆ, ಏನು ಹೇಳ್ತಿದೀಯ ಅಂತ ಗೊತ್ತಾಗ್ತಿಲ್ಲ" ಅನ್ನೋದು. ನೀವು ನರ್ಸ್ ಆಗಿದ್ದವರು, ಈ ಮಾತನ್ನ ಎಷ್ಟೋ ಸಲ ಕೇಳಿರ್ತೀರಿ. ಜೋರಾಗಿ ಹೇಳಿದ್ರೆ ಸರಿ ಹೋಗಲ್ಲ, ಯಾಕಂದ್ರೆ ಜೋರಾಗಿ ಹೇಳಿದಾಗ ಜಾಸ್ತಿ ಆಗೋದು ಮತ್ತೆ ಆ ಸ್ವರಗಳೇ.

ಇನ್ನು ಫೋನ್. ಹಳೇ ಲ್ಯಾಂಡ್‌ಲೈನ್ 300 ರಿಂದ 3,400 ಹರ್ಟ್ಜ್ ವರೆಗಿನ ದನಿ ಮಾತ್ರ ಆ ಕಡೆಗೆ ದಾಟಿಸುತ್ತೆ. ಅಂದ್ರೆ ಕಿವಿ ಬಿಟ್ಟ ಭಾಗವನ್ನೇ ಫೋನೂ ಕತ್ತರಿಸಿ ಬಿಸಾಕುತ್ತೆ. ಹೊಸ ಮೊಬೈಲ್, ಇಂಟರ್ನೆಟ್ ಲೈನ್‌ಗಳಲ್ಲಿ ಪರಿಸ್ಥಿತಿ ವಾಸಿ, ಆದ್ರೆ ಎಂಬತ್ತು ದಾಟಿದವರ ಮನೆ ಹಾಲ್‌ನಲ್ಲಿ ಸ್ಟೂಲ್ ಮೇಲೆ ಕೂತಿರೋ ಫೋನ್ ಯಾವುದು ಅಂತ ನಿಮಗೇ ಗೊತ್ತು.

ಈಗ ಕಾಸ್ಟಿಂಗ್‌ಗೆ ಬನ್ನಿ. ಕೇರ್ ಸರ್ವಿಸ್ ಜಾಹೀರಾತು ಅಂದ ತಕ್ಷಣ ಎಲ್ಲರೂ ಹುಡುಕೋದು ಒಂದೇ ತರದ ದನಿ. ಮೆತ್ತಗೆ, ಉಸಿರು ಬೆರೆಸಿ, ಕಿವಿ ಹತ್ರ ಬಂದು ಪಿಸುಗುಟ್ಟಿದ ಹಾಗೆ ಮಾತಾಡೋ "ವಾರ್ಮ್" ವಾಯ್ಸ್, ಕೆಳಗೆ ಪಿಯಾನೋ. ಡೆಮೋದಲ್ಲಿ, ಅಂದ್ರೆ ಆರ್ಟಿಸ್ಟ್ ಕೊಡೋ ಮಾದರಿ ರೆಕಾರ್ಡಿಂಗ್‌ನಲ್ಲಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಕಣ್ಣಲ್ಲಿ ನೀರು ಬರೋ ಹಾಗಿರುತ್ತೆ. ನಿಮ್ಮ ಕೇಳುಗರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ, ಉಸಿರಿನ ದನೀಲಿ ವ್ಯಂಜನಗಳು ಮೊದಲೇ ಸಡಿಲ, ಮೇಲೆ ಪಿಯಾನೋ ಬೇರೆ. ಹಾಗಂತ ಗುಡುಗೋ ತರ ಗಡಸು ಗಂಡು ದನಿ ಹುಡುಕ್ಬೇಡಿ, ಅದೂ ಸ್ವರಗಳ ಅಬ್ಬರವೇ. ಹೆಣ್ಣೋ ಗಂಡೋ ಅನ್ನೋದೂ ಇಲ್ಲಿ ಮುಖ್ಯ ಅಲ್ಲ. ನಿಮಗೆ ಬೇಕಾಗಿರೋದು ಮುಂದೆ ಕೂತವರ ಹತ್ರ ಮಾತಾಡೋ ಹಾಗೆ, ಸಾಧಾರಣ ಎತ್ತರದಲ್ಲಿ, ಪದದ ಕೊನೆಯನ್ನ ನುಂಗದೆ ಹೇಳೋ ದನಿ. ಪದದ ಕೊನೆ ಅನ್ನೋದು ಮರೀಬೇಡಿ, ಡೆಮೋ ಕೇಳುವಾಗ ಅದನ್ನೇ ಕಿವಿಗೊಟ್ಟು ಕೇಳಿ.

ಡೆಮೋಗಳನ್ನ ಪರೀಕ್ಷೆ ಮಾಡೋಕೆ ದುಡ್ಡು ಖರ್ಚು ಆಗಲ್ಲ. ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ಲೋ-ಪಾಸ್ ಫಿಲ್ಟರ್ ಅಂತ ಇದೆ, ಮೇಲಿನ ದನಿ ತಡೆದು ಕೆಳಗಿನದ್ದನ್ನ ಮಾತ್ರ ಬಿಡೋದು, 3,000 ಹರ್ಟ್ಜ್‌ಗೆ ಇಟ್ಟು ಪ್ರತಿ ಡೆಮೋನೂ ಅದರಲ್ಲಿ ಹಾಯಿಸಿ. ಕಿವುಡುತನದ ಪೂರ್ತಿ ಅನುಭವ ಅದು ಕೊಡಲ್ಲ, ಆದ್ರೆ ಯಾವ ದನಿ ನಿಲ್ಲುತ್ತೆ ಯಾವುದು ಬರೀ ಗುಂಯ್ ಅನ್ನೋ ಶಬ್ದ ಆಗುತ್ತೆ ಅಂತ ಕ್ಷಣದಲ್ಲಿ ಗೊತ್ತಾಗುತ್ತೆ. ಹೆಡ್‌ಫೋನ್‌ನಲ್ಲಿ ಮೊದಲ ಸ್ಥಾನ ಇದ್ದವರು ಇಲ್ಲಿ ಕೊನೆಗೆ ಹೋಗ್ತಾರೆ, ಸಾಮಾನ್ಯ ಅನ್ನಿಸಿದ್ದ ಟೀಚರ್ ತರದ ದನಿ ಮೇಲೆ ಬರುತ್ತೆ. ಆಮೇಲೆ ಉಳಿದ ಇಬ್ಬರು ಮೂವರ ಡೆಮೋನ ನಿಮಗೆ ಪರಿಚಯ ಇರೋ ಎಪ್ಪತ್ತು ದಾಟಿದ ನಾಲ್ಕು ಜನಕ್ಕೆ ಫೋನ್‌ನಲ್ಲೇ ಕೇಳಿಸಿ. "ಚೆನ್ನಾಗಿದೆಯಾ" ಅಂತ ಕೇಳ್ಬೇಡಿ, ಎಲ್ಲರೂ ಮುಖ ನೋಡಿ ಹೂಂ ಅಂತಾರೆ. "ಯಾವ ದಿನ ಬರ್ತೀನಿ ಅಂದ್ರು, ಎಷ್ಟು ಗಂಟೆಗೆ ಅಂದ್ರು" ಅಂತ ಕೇಳಿ.

ಆಕ್ಸೆಂಟ್ ವಿಷಯ. ಹೊರಗಿನವರಿಗೆ ಇಂಗ್ಲೆಂಡಿನ ಈಶಾನ್ಯ ಭಾಗದ ಮಾತೆಲ್ಲ ಒಂದೇ, ಎಲ್ಲಾನೂ "ಜೋರ್ಡಿ" ಅಂದ್ಬಿಡ್ತಾರೆ. ನೀವು ಹಾಗೆ ಬುಕ್ ಮಾಡಿದ್ರೆ ನ್ಯೂಕಾಸಲ್‌ನವರು ಸಿಗ್ತಾರೆ. ನ್ಯೂಕಾಸಲ್ ಇರೋದು ಹತ್ತಿರದಲ್ಲೇ, ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಆದ್ರೆ ಕುಂದಾಪ್ರದವರ ಮನೆ ಬಾಗ್ಲಲ್ಲಿ ನಿಂತು ಮಂಗಳೂರು ಕನ್ನಡದಲ್ಲಿ "ನಾನು ನಿಮ್ಮೂರವನೇ" ಅಂದ್ರೆ ಹೇಗಿರುತ್ತೋ ಹಾಗೆ ಇದು. ಅದರ ಮೇಲೆ ಫುಟ್ಬಾಲ್ ಬೇರೆ. ಸಂಡರ್‌ಲ್ಯಾಂಡ್‌ನವರು ಮ್ಯಾಕೆಮ್‌ಗಳು, ನ್ಯೂಕಾಸಲ್‌ನವರು ಜೋರ್ಡಿಗಳು, ಒಂದೇ ಪ್ರೋತ್ಸಾಹದ ಕೂಗನ್ನ ಇಲ್ಲಿ "ಹಾವೇ" ಅಂತಾರೆ ಅಲ್ಲಿ "ಹೌವೇ" ಅಂತಾರೆ, ಅದಕ್ಕೇ ಜಗಳ ಆಗೋ ಅಷ್ಟು ಸೂಕ್ಷ್ಮ. ಮೇಕ್, ಟೇಕ್ ಅನ್ನೋದನ್ನ ಸಂಡರ್‌ಲ್ಯಾಂಡ್‌ನ ಹಳಬರು ಮ್ಯಾಕ್, ಟ್ಯಾಕ್ ಅಂತಾರೆ, ಪದದ ಮೊದಲಿನ ಹ ಬಿಡೋದೂ ನ್ಯೂಕಾಸಲ್‌ಗಿಂತ ಇಲ್ಲಿ ಜಾಸ್ತಿ. ಬ್ರೀಫ್‌ನಲ್ಲಿ, ಅಂದ್ರೆ ಎಂಥ ದನಿ ಬೇಕು ಅಂತ ಬರೆದು ಕೊಡೋ ಚೀಟಿಯಲ್ಲಿ, "ನಾರ್ತ್ ಈಸ್ಟ್ ಆಕ್ಸೆಂಟ್" ಅಂತ ಬರೆದು ಬಿಟ್ಬಿಟ್ರೆ ಸಾಲದು. "ವೇರ್‌ಸೈಡ್, ಸಂಡರ್‌ಲ್ಯಾಂಡ್‌ನಲ್ಲೇ ಬೆಳೆದವರು" ಅಂತ ಬರೀರಿ, ಡೆಮೋನ ಊರಿನ ಯಾರಿಗಾದ್ರೂ ಕೇಳಿಸಿ "ಇವರು ಯಾವ ಕಡೆಯವರು" ಅಂತ ಮಾತ್ರ ಕೇಳಿ, ಅವರೇ ಹೇಳ್ತಾರೆ.

ಎಷ್ಟು ಲೋಕಲ್ ಅನ್ನೋದೂ ಮುಖ್ಯ. ಆ ಭಾಗದ ಮಾತಲ್ಲಿ ಪ, ಟ, ಕ ಶಬ್ದಗಳನ್ನ ಗಂಟಲಲ್ಲೇ ಹಿಡಿದು ನಿಲ್ಲಿಸೋ ಅಭ್ಯಾಸ ಇದೆ, ಕೇಳೋಕೆ ಚೆಂದ, ಆದ್ರೆ ಮೊದಲೇ ವ್ಯಂಜನ ಕೇಳಿಸದ ಕಿವಿಗೆ ಅದು ಇನ್ನೂ ಕಷ್ಟ. ಹಾಗಾಗಿ ಪಬ್‌ನಲ್ಲಿ ಗೆಳೆಯರ ಜೊತೆ ಮಾತಾಡೋ ಮ್ಯಾಕೆಮ್ ಬೇಡ, ಅಜ್ಜಿಗೆ ಡಾಕ್ಟರ್ ಹೇಳಿದ್ದನ್ನ ನಿಧಾನಕ್ಕೆ ಬಿಡಿಸಿ ಹೇಳೋ ಮೊಮ್ಮಗಳ ಮ್ಯಾಕೆಮ್ ಬೇಕು. ದನಿಯ ಏರಿಳಿತ, ಸ್ವರಗಳು ಊರಿಂದೇ ಇರ್ಲಿ, ವ್ಯಂಜನಗಳು ಸ್ಪಷ್ಟ ಇರ್ಲಿ. ಆರ್ಟಿಸ್ಟ್‌ಗೆ ಇದನ್ನ ಹೀಗೇ ಹೇಳಿ, ಅವರಿಗೆ ಅರ್ಥ ಆಗುತ್ತೆ. "ಇನ್ನೂ ಸ್ವಲ್ಪ ಆಕ್ಸೆಂಟ್ ಹಾಕಿ" ಅಂತ ಮಾತ್ರ ಹೇಳ್ಬೇಡಿ, ಅಲ್ಲಿಂದ ಅದು ಅಣಕ ಆಗೋಕೆ ಶುರು. ಸ್ಕ್ರಿಪ್ಟ್‌ನಲ್ಲಿ ಗ್ರಾಮ್ಯ ಪದ ತುರುಕೋದೂ ಬೇಡ, ಮಾಮೂಲಿ ಇಂಗ್ಲಿಷ್ ಬರೀರಿ, ಓದೋರ ಬಾಯಲ್ಲಿ ಅದು ತಾನಾಗೇ ಸಂಡರ್‌ಲ್ಯಾಂಡ್ ಆಗುತ್ತೆ. ಹಾಗೇ ದಯವಿಟ್ಟು ಯಾರ್ಡ್, ಕ್ರೇನ್, ಹಡಗು, ನಿಮ್ಮ ದುಡಿಮೆಯ ದಿನಗಳು ಅಂತೆಲ್ಲ ಬರೀಬೇಡಿ. ಅದು ಅವರ ನೋವು, ಅವರ ಹೆಮ್ಮೆ. ಬೆಳಿಗ್ಗೆ ಸ್ನಾನ ಮಾಡ್ಸೋಕೆ ಬರೋರ ಜಾಹೀರಾತಿಗೆ ಅದನ್ನ ಬಳಸ್ಕೊಂಡ್ರೆ ಊರವರಿಗೆ ಕೂಡಲೇ ಚುಚ್ಚುತ್ತೆ.

ನ್ಯೂಸ್ ಓದೋರ ಇಂಗ್ಲಿಷ್ ಯಾಕೆ ಬೇಡ ಅಂದ್ರೆ, ಅದು ಅರ್ಥ ಆಗಲ್ಲ ಅಂತಲ್ಲ, ಚೆನ್ನಾಗೇ ಅರ್ಥ ಆಗುತ್ತೆ. ಆದ್ರೆ ಆ ದನೀಲಿ ಫೋನ್ ಬಂದ್ರೆ ಕೌನ್ಸಿಲ್‌ನವರೋ ಬ್ಯಾಂಕ್‌ನವರೋ ಅಂತ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರ್ತಾರೆ. ನಿಮಗೆ ಬೇಕಾಗಿರೋದು ಅದಲ್ಲ. ಇನ್ನೊಂದು, ಕಿವಿ ಮಂದ ಆದವರು ಅರ್ಧ ಕೇಳಿಸ್ಕೊಂಡು ಇನ್ನರ್ಧ ಊಹೆ ಮಾಡ್ತಾರೆ, ಬಾಲ್ಯದಿಂದ ಕಿವಿಗೆ ಬಿದ್ದ ಧಾಟಿ ಆದ್ರೆ ಆ ಊಹೆ ಸುಲಭ.

ಎಲ್ಲಿ ಹುಡುಕೋದು. ವಾಯ್ಸ್123, ಮ್ಯಾಂಡಿ ತರದ ಸೈಟ್‌ಗಳಲ್ಲಿ ಹಾಕಿ, ತಪ್ಪೇನಿಲ್ಲ, ಆದ್ರೆ ಅಲ್ಲಿ "ಜೋರ್ಡಿ, ಮ್ಯಾಕೆಮ್, ಯಾರ್ಕ್‌ಷೈರ್ ಎಲ್ಲಾ ಮಾಡ್ತೀನಿ" ಅನ್ನೋರೇ ಜಾಸ್ತಿ ಬರ್ತಾರೆ. ಊರಲ್ಲೇ ಹುಡುಕಿದ್ರೆ ಒಳ್ಳೇದು. ಸೇಂಟ್ ಪೀಟರ್ಸ್‌ನಲ್ಲಿ, ನದಿ ದಡದ ಹಳೇ ಯಾರ್ಡ್ ಜಾಗದಲ್ಲಿ, ಸಂಡರ್‌ಲ್ಯಾಂಡ್ ಯೂನಿವರ್ಸಿಟಿಯ ಮೀಡಿಯಾ ಸೆಂಟರ್ ಇದೆ, ಸ್ಪಾರ್ಕ್ ಅನ್ನೋ ರೇಡಿಯೋನೂ ಯೂನಿವರ್ಸಿಟಿದೇ. ಅಲ್ಲಿ ವಿಚಾರಿಸಿದ್ರೆ ದನಿಗಳೂ ಸಿಗ್ತವೆ, ಒಂದು ಸರಿಯಾದ ರೆಕಾರ್ಡಿಂಗ್ ರೂಮ್ ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತಾನೂ ಗೊತ್ತಾಗುತ್ತೆ. ಊರಿನ ಹವ್ಯಾಸಿ ನಾಟಕದವರನ್ನೂ ವಿಚಾರಿಸಿ. ನನ್ನ ಕೇಳಿದ್ರೆ ಇನ್ನೂ ಒಂದು ಕಡೆ ಹುಡುಕಿ ಅಂತೀನಿ. ಯಾರ್ಡ್‌ಗಳು ಮುಚ್ಚಿದ ಮೇಲೆ ಊರಿಗೆ ಬಂದ ದೊಡ್ಡ ಕೆಲಸಗಳಲ್ಲಿ ಕಾಲ್ ಸೆಂಟರ್ ಒಂದು, ಆ ಹಡಗು ಕಟ್ಟೋ ಮನೆತನದ ಹೆಸರೇ ಇರೋ ಡಾಕ್ಸ್‌ಫರ್ಡ್ ಬಿಸಿನೆಸ್ ಪಾರ್ಕ್‌ನಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಫೋನ್ ಮೇಲೇ ಮಾತಾಡಿದಾರೆ. ಬೆಂಗಳೂರಲ್ಲಿ ಕಾಲ್ ಸೆಂಟರ್‌ಗೆ ಸೇರಿದ್ರೆ ಮೊದಲು ನಮ್ಮ ಆಕ್ಸೆಂಟ್ ಉಜ್ಜಿ ತೆಗೀತಿದ್ರು, ಅಲ್ಲಿ ಊರಿನ ಆಕ್ಸೆಂಟ್ ಸ್ನೇಹದ ದನಿ ಅಂತ ಅದನ್ನ ಹಾಗೇ ಇಟ್ಕೊಂಡೇ ಕೆಲಸ ಮಾಡಿದಾರೆ. ಅಂಥ ಕೆಲಸದಲ್ಲಿ ಹತ್ತು ಹದಿನೈದು ವರ್ಷ ಇದ್ದು, ಈಗ ವಾಯ್ಸ್ ಕೆಲಸಕ್ಕೆ ಇಳಿದಿರೋ ಹೆಂಗಸು ಸಿಕ್ಕಿದ್ರೆ ಬಿಡ್ಬೇಡಿ, ವಯಸ್ಸಾದವರ ಹತ್ರ ಫೋನ್‌ನಲ್ಲಿ ಹೇಗೆ ಮಾತಾಡ್ಬೇಕು ಅನ್ನೋದು ಅವರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ.

ಸ್ಯಾಂಪಲ್ ಕೇಳೋದು ತಪ್ಪಲ್ಲ. ನಿಮ್ಮ ಸ್ಕ್ರಿಪ್ಟ್‌ನ ಎರಡು ಮೂರು ಸಾಲು ಓದಿ ಕಳ್ಸಿ ಅಂದ್ರೆ ಹೆಚ್ಚಿನವರು ಫ್ರೀಯಾಗೇ ಕಳಿಸ್ತಾರೆ. ಪೂರ್ತಿ ಸ್ಕ್ರಿಪ್ಟ್ ಓದಿಸ್ಬೇಡಿ, ಅದು ಕೆಲಸ, ಸ್ಯಾಂಪಲ್ ಅಲ್ಲ. ಆ ಎರಡು ಸಾಲಿನಲ್ಲಿ ಒಂದು ಟೈಮ್, ಒಂದು ಫೋನ್ ನಂಬರ್, ಒಂದು ಊರಿನ ಹೆಸರು ಇರೋ ಹಾಗೆ ನೋಡ್ಕೊಳ್ಳಿ. ಹೋಟನ್-ಲೆ-ಸ್ಪ್ರಿಂಗ್ ಅನ್ನೋದನ್ನ ಅಕ್ಷರ ನೋಡಿ ಹೌಟನ್ ಅಂತ ಓದಿದ್ರೆ ಅವರು ಆ ಕಡೆಯವರಲ್ಲ ಅಂತ ಅಲ್ಲೇ ಗೊತ್ತಾಗುತ್ತೆ.

ಈಗ ದುಡ್ಡು. 30 ಮತ್ತೆ 400ರ ಮಧ್ಯ ಇಷ್ಟು ಅಂತರ ಯಾಕೆ ಅಂದ್ರೆ ಇಬ್ಬರೂ ಮಾರ್ತಿರೋ ವಸ್ತು ಬೇರೆ ಬೇರೆ. ಬ್ರಿಟನ್‌ನಲ್ಲಿ ವಾಯ್ಸ್ ರೇಟಿಗೆ ಎರಡು ಭಾಗ ಇರುತ್ತೆ. ಒಂದು ಸೆಷನ್ ಫೀ, ಅಂದ್ರೆ ಕೂತು ಓದಿದ್ದಕ್ಕೆ. ಇನ್ನೊಂದು ಯೂಸೇಜ್, ಆ ರೆಕಾರ್ಡಿಂಗನ್ನ ನೀವು ಎಲ್ಲಿ, ಎಷ್ಟು ದಿನ, ಯಾವ ಮಾಧ್ಯಮದಲ್ಲಿ ಹಾಕ್ತೀರಿ ಅನ್ನೋದಕ್ಕೆ. ನಿಮ್ಮ ಸೈಟಲ್ಲಿ, ನಿಮ್ಮ ಫೇಸ್‌ಬುಕ್ ಪೇಜಲ್ಲಿ ಸುಮ್ಮನೆ ಇರೋ ವಿಡಿಯೋ ಆದ್ರೆ ಸಾಮಾನ್ಯವಾಗಿ ಯೂಸೇಜ್ ಆ ಸೆಷನ್ ಫೀ ಒಳಗೇ ಸೇರಿರುತ್ತೆ. ಅದೇ ವಿಡಿಯೋಗೆ ದುಡ್ಡು ಕೊಟ್ಟು ಆ್ಯಡ್ ಆಗಿ ಓಡಿಸಿದ್ರೆ ಅದು ಬೇರೆ ಲೈಸೆನ್ಸ್, ರೇಡಿಯೋಗೆ ಹಾಕಿದ್ರೆ ಇನ್ನೊಂದು. ಗ್ರೇವಿ ಫಾರ್ ದಿ ಬ್ರೇನ್ ಅನ್ನೋ ವಾಯ್ಸ್ ತರಬೇತಿ ಸಂಸ್ಥೆಯವರು ಒಂದು ರೇಟ್ ಗೈಡ್ ಹಾಕಿದಾರೆ, ಅಲ್ಲಿನ ವಾಯ್ಸ್ ಆರ್ಟಿಸ್ಟ್‌ಗಳು ಬಹಳ ಜನ ಅದನ್ನೇ ನೋಡಿ ಹೇಳೋದು, ಅದನ್ನ ಒಮ್ಮೆ ಓದಿ. ಕಲಾವಿದರ ಸಂಘ ಈಕ್ವಿಟಿಯದ್ದೂ ರೇಟ್‌ಗಳು ಇವೆ. ನಿಮ್ಮ ತರದ ಕೆಲಸಕ್ಕೆ, ಒಂದು ಗಂಟೆ ಒಳಗಿನ ಸೆಷನ್‌ಗೆ, ಅನುಭವ ಇರೋರು ಸುಮಾರು 200 ರಿಂದ 350 ಪೌಂಡ್ ಕೇಳಿದ್ರೆ ಅದು ನ್ಯಾಯದ ರೇಟು. ಫೋನ್ ಗ್ರೀಟಿಂಗನ್ನ ಅದೇ ಸೆಷನ್‌ನಲ್ಲಿ ಸೇರಿಸಿ ಮಾಡಿ ಅಂತ ಮೊದಲೇ ಕೇಳಿ, ಬೇರೆ ದಿನ ಬುಕ್ ಮಾಡೋದಕ್ಕಿಂತ ಕಮ್ಮೀಲಿ ಆಗುತ್ತೆ. 400 ಅಂದವರು ಮೋಸ ಮಾಡ್ತಿದಾರೆ ಅಂತ ಅಂದ್ಕೋಬೇಡಿ, ಆ್ಯಡ್ ಲೈಸೆನ್ಸ್ ಸೇರಿಸಿ ಹೇಳಿರ್ಬಹುದು, ಏನೇನು ಸೇರಿದೆ ಅಂತ ಕೇಳಿ. ಅವರು ವ್ಯಾಟ್‌ಗೆ (ನಮ್ಮ ಜಿಎಸ್‌ಟಿ ತರದ ತೆರಿಗೆ) ರಿಜಿಸ್ಟರ್ ಆಗಿದಾರಾ ಅಂತಾನೂ ಕೇಳಿ, ವರ್ಷಕ್ಕೆ 90,000 ಪೌಂಡ್ ವಹಿವಾಟು ದಾಟದೇ ಇರೋರು ವ್ಯಾಟ್ ಹಾಕ್ಬೇಕಾಗೇ ಇಲ್ಲ, ಹೆಚ್ಚಿನ ಒಂಟಿ ಕಲಾವಿದರು ಅದರೊಳಗೇ ಇರ್ತಾರೆ. 30 ಪೌಂಡಿಗೆ ಸಿಗೋದು ಹೆಚ್ಚಾಗಿ ಬೆಡ್‌ರೂಮ್‌ನ ಗೋಡೆ ಮಾರ್ದನಿ ಸಮೇತದ ರೆಕಾರ್ಡಿಂಗ್. ಮಾರ್ದನಿ ಒಳ್ಳೇ ಕಿವಿಗೇ ವ್ಯಂಜನ ಮಸುಕು ಮಾಡುತ್ತೆ, ನಿಮ್ಮ ಕೇಳುಗರ ಕಿವಿಗೆ ಕೇಳ್ಬೇಕಾ.

ಇಮೇಲ್‌ನಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಒಪ್ಕೊಳ್ಳಿ, ವಕೀಲರ ಹತ್ರ ಹೋಗೋದೇನೂ ಬೇಡ. ಎಲ್ಲಿ ಬಳಸ್ತೀವಿ, ಎಷ್ಟು ವರ್ಷ, ಎಷ್ಟು ದುಡ್ಡು, ಯಾವಾಗ ಕೊಡ್ತೀವಿ. ಅವರು ತಪ್ಪು ಓದಿದ್ರೆ ತಿದ್ದಿ ಕೊಡೋದು ಫ್ರೀ, ನೀವು ಸ್ಕ್ರಿಪ್ಟ್ ಬದಲಾಯಿಸಿದ್ರೆ ದುಡ್ಡು ಕೊಡ್ತೀವಿ, ಇದು ಆ ಕಡೆ ಮಾಮೂಲು ಪದ್ಧತಿ, ಆದ್ರೂ ಬರೆದಿಡಿ. ಜೊತೆಗೆ ಒಂದು ಸಾಲು ನೀವೇ ಮುಂದೆ ಬಂದು ಸೇರಿಸಿ: ಈ ರೆಕಾರ್ಡಿಂಗನ್ನ ಎಐ ಟ್ರೇನಿಂಗ್‌ಗೋ ವಾಯ್ಸ್ ಕ್ಲೋನ್ ಮಾಡೋಕೋ ಬಳಸಲ್ಲ ಅಂತ. ಈಕ್ವಿಟಿ 2022ರಿಂದ ಇದಕ್ಕೆ ದೊಡ್ಡ ಅಭಿಯಾನವನ್ನೇ ನಡೆಸ್ತಿದೆ, ಕಲಾವಿದರು ಈಗ ಈ ವಿಷಯದಲ್ಲಿ ನಿಜವಾಗ್ಲೂ ಭಯದಲ್ಲಿದ್ದಾರೆ, ನೀವಾಗೇ ಬರೆದು ಕಳ್ಸಿದ್ರೆ ಅವರು ನಿಮ್ಮನ್ನ ನಂಬ್ತಾರೆ, ನಂಬಿದವರು ಚೆನ್ನಾಗಿ ಓದ್ತಾರೆ. ಇನ್‌ವಾಯ್ಸ್ ಬಂದ ವಾರದೊಳಗೆ ದುಡ್ಡು ಹಾಕ್ಬಿಡಿ, ಸಣ್ಣ ಊರು, ಯಾರು ಬೇಗ ಕೊಡ್ತಾರೆ ಯಾರು ಸತಾಯಿಸ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರುತ್ತೆ.

ಹಾಗಾದ್ರೆ ಎಐ ವಾಯ್ಸ್? ಸ್ಕ್ರಿಪ್ಟ್ ಒಂದೂವರೆ ನಿಮಿಷಕ್ಕೆ ಕೂರುತ್ತಾ ಅಂತ ಅಳತೆ ನೋಡೋಕೆ ಹಾಕ್ಕೊಳ್ಳಿ, ಅಷ್ಟಕ್ಕೆ ಒಳ್ಳೇದು. ಜನರ ಕಿವಿಗೆ ಬೇಡ. ಒಂದು ಕಾರಣ, ವೇರ್‌ಸೈಡ್ ದನಿ ಅದರಲ್ಲಿ ಸರಿಯಾಗಿ ಸಿಗೋದು ಕಷ್ಟ, ಎಲ್ಲೋ ಒಂದು ಉತ್ತರದ ಕಡೆಯ ಬೆರಕೆ ಬರುತ್ತೆ. ಎರಡನೇದು, ಮೆಷಿನ್ ದನೀಲಿ ಬರೋ ಮೋಸದ ಕರೆಗಳ ಬಗ್ಗೆ ಮಕ್ಕಳು ಮೊಮ್ಮಕ್ಕಳು ಹೇಳಿ ಹೇಳಿ ವಯಸ್ಸಾದವರು ಅಂಥ ದನಿ ಕೇಳಿದ್ರೆ ಫೋನ್ ಇಡೋಕೆ ಕಲ್ತಿದಾರೆ, ಕಲೀಬೇಕೂ ಹೌದು. ಮೂರನೇದು ನ್ಯಾಯದ ಪ್ರಶ್ನೆ. 2025ರಲ್ಲಿ ಸ್ಕಾಟ್‌ರೈಲ್ ರೈಲುಗಳಲ್ಲಿ ಎಐ ಅನೌನ್ಸ್‌ಮೆಂಟ್ ದನಿ ಬಂತು, ಅದು ತಾನು ಹಿಂದೆ ಬೇರೆ ಕಂಪನಿಗೆ ಮಾಡಿಕೊಟ್ಟ ರೆಕಾರ್ಡಿಂಗ್‌ನಿಂದ ತಯಾರಾದದ್ದು, ಹೀಗೆ ಬಳಸೋಕೆ ನಾನು ಒಪ್ಪಿರ್ಲಿಲ್ಲ ಅಂತ ಅಲ್ಲಿನ ಒಬ್ಬ ವಾಯ್ಸ್ ಆರ್ಟಿಸ್ಟ್ ಬಹಿರಂಗವಾಗಿ ಹೇಳಿದ್ರು. ದುಡಿಯೋ ಕೆಲಸ ಒಂದೇ ಸಲಕ್ಕೆ ಹೋಗ್ಬಿಟ್ರೆ ಒಂದು ಊರು ಏನಾಗುತ್ತೆ ಅಂತ ಸಂಡರ್‌ಲ್ಯಾಂಡ್‌ನವರಿಗೆ ಯಾರೂ ವಿವರಿಸಿ ಹೇಳ್ಬೇಕಾಗಿಲ್ಲ. ಅಲ್ಲಿ ಬಂದು ನೆಲೆ ನಿಂತು ಬದುಕು ಕಟ್ಕೊಳ್ತಿರೋ ನೀವು, ಆ ಊರಿನ ಒಬ್ಬರಿಗೆ ಒಂದು ದಿನದ ಕೂಲಿ ಕೊಡೋದು ಬಹಳ ಒಳ್ಳೇ ಆರಂಭ ಅಂತ ನಾನು ಮನಸಾರೆ ಹೇಳ್ತೀನಿ.

ನಿಮ್ಮ ದನಿ ಬಗ್ಗೆ. ಸಂಕೋಚ ಬಿಡಿ. ವಿಡಿಯೋ ಪೂರ್ತಿ ಊರವರ ದನೀಲೇ ಇದ್ದು, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದ್ರೆ ನೀವು ನಿಂತಿದ್ರೆ ಆ ಅಜ್ಜಿಗೆ ಗಲಿಬಿಲಿ ಆಗುತ್ತೆ. ನಾವು ಯಾರು ಅಂತ ಮುಚ್ಚಿಟ್ರು ಅನ್ನಿಸ್ಬಾರ್ದು. ಆಸ್ಪತ್ರೇಲಿ ನಮ್ಮ ಕಡೆ ನರ್ಸ್‌ಗಳ ಕೈಲಿ ಆರೈಕೆ ಮಾಡಿಸ್ಕೊಂಡವರು ಅವರಲ್ಲಿ ಬೇಕಾದಷ್ಟು ಜನ, ನಿಮ್ಮ ಇಂಗ್ಲಿಷ್ ಅವರಿಗೆ ಹೊಸದೇನಲ್ಲ. ಶುರುವಲ್ಲಿ ಎರಡೇ ಎರಡು ವಾಕ್ಯ ನೀವು ಕ್ಯಾಮೆರಾ ನೋಡಿ ಹೇಳಿ, ಹೆಸರು, ನಾನು ನರ್ಸ್, ನಿಮ್ಮ ಮನೆಗೆ ಬರೋದು ನಾನು ಅಥವಾ ನಮ್ಮ ಟೀಮಿನ ಇವರು ಅಂತ. ತುಟಿ ಕಾಣಿಸ್ಬೇಕು, ಹತ್ತಿರದ ಶಾಟ್, ಮುಖದ ಮೇಲೆ ಬೆಳಕು ಇರ್ಲಿ, ಕಿವಿ ಮಂದ ಇರೋರು ತುಟಿ ನೋಡೇ ಅರ್ಧ ಅರ್ಥ ಮಾಡ್ಕೊಳ್ಳೋದು. ಮಿಕ್ಕ ವಿವರಗಳನ್ನೆಲ್ಲ ವಾಯ್ಸ್ ಆರ್ಟಿಸ್ಟ್ ಹೇಳ್ಲಿ.

ಸ್ಕ್ರಿಪ್ಟ್ ಚಿಕ್ಕದು ಮಾಡಿ. ಮಾಮೂಲಿ ಓದು ನಿಮಿಷಕ್ಕೆ 150 ಪದ ಆಸುಪಾಸು, ನೀವು 120ಕ್ಕೆ ಬರೀರಿ, ಅಂದ್ರೆ ಒಂದೂವರೆ ನಿಮಿಷಕ್ಕೆ 180 ಪದ, ಅದಕ್ಕಿಂತ ಒಂದೂ ಜಾಸ್ತಿ ಬೇಡ. ನೀವು ಕಳ್ಸಿರೋ ಡ್ರಾಫ್ಟ್‌ನ ಮೊದಲ ಸಾಲು "ವಿ ಪ್ರೊವೈಡ್ ಹೋಲಿಸ್ಟಿಕ್ ಪರ್ಸನ್-ಸೆಂಟರ್ಡ್ ಕೇರ್ ಸೊಲ್ಯೂಷನ್ಸ್" ಅಂತ ಇದೆ. ಇದನ್ನ ಎಷ್ಟು ಒಳ್ಳೇ ದನಿ ಓದಿದ್ರೂ ಆ ಕಿವಿಗೆ ಏನೂ ತಲುಪಲ್ಲ, ತಲುಪಿದ್ರೂ ಏನು ಮಾಡ್ತಾರೆ ಅಂತ ಗೊತ್ತಾಗಲ್ಲ. "ದಿ ಸೇಮ್ ಪರ್ಸನ್ ಕಮ್ಸ್ ಎವ್ರಿ ಮಾರ್ನಿಂಗ್" ಅಂತ ಬರೀರಿ. ನೀವು ಅದನ್ನ ನಿಜವಾಗ್ಲೂ ಮಾಡೋದಾದ್ರೆ ಮಾತ್ರ ಬರೀರಿ. ಒಂದು ವಾಕ್ಯಕ್ಕೆ ಒಂದೇ ವಿಷಯ, ವಾಕ್ಯದ ನಡುವೆ ಉಸಿರು ಎಳೆಯೋ ಅಷ್ಟು ಜಾಗ. ಮ್ಯೂಸಿಕ್ ಬೇಕೇ ಬೇಕು ಅಂದ್ರೆ ಶುರು ಮತ್ತೆ ಕೊನೇಲಿ ಇಡಿ, ಮಾತಿನ ಕೆಳಗೆ ಬೇಡ. ವೆಬ್ ಆಕ್ಸೆಸಿಬಿಲಿಟಿ ನಿಯಮಗಳಲ್ಲಿ ಹಿನ್ನೆಲೆ ಶಬ್ದ ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗೆ ಇರ್ಬೇಕು ಅಂತ ಇದೆ, ಎಡಿಟರ್ ಒಪ್ಪದೇ ಹೋದ್ರೆ ಅದನ್ನ ತೋರ್ಸಿ. ಸಬ್‌ಟೈಟಲ್ ದೊಡ್ಡ ಅಕ್ಷರದಲ್ಲಿ ಇರ್ಲೇಬೇಕು.

ಫೈಲ್ ವಿಷಯ ಜಾಸ್ತಿ ಇಲ್ಲ. ವಿಡಿಯೋಗೆ 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಕೇಳಿ, ಎಂಪಿ3 ಬೇಡ. ಫೋನ್‌ಗೆ ನಿಮ್ಮ ಫೋನ್ ಕಂಪನಿಯವರು ಯಾವ ಫಾರ್ಮ್ಯಾಟ್ ಕೇಳ್ತಾರೆ ಅಂತ ಮೊದಲೇ ತಿಳ್ಕೊಂಡು ಆರ್ಟಿಸ್ಟ್‌ಗೆ ಹೇಳಿ, ಸಾಮಾನ್ಯವಾಗಿ 8 ಕಿಲೋಹರ್ಟ್ಜ್ ಮೋನೋ ಇರುತ್ತೆ. ಸೆಷನ್ ನಡೆಯುವಾಗ ನೀವೂ ಲೈನ್‌ನಲ್ಲಿ ಇರಿ, ಕ್ಲೀನ್‌ಫೀಡ್ ಅಂತ ಬ್ರೌಸರ್‌ನಲ್ಲೇ ನಡೆಯೋ ವ್ಯವಸ್ಥೆ ಇದೆ, ಝೂಮ್ ಆದ್ರೂ ನಡೆಯುತ್ತೆ. ಮೊದಲ ಸಲ ಪೂರ್ತಿ ಓದೋಕೆ ಬಿಡಿ, ಮಧ್ಯ ಬಾಯಿ ಹಾಕ್ಬೇಡಿ.

ಫೋನ್ ಗ್ರೀಟಿಂಗ್‌ನಲ್ಲಿ ಟೈಮ್ ಮತ್ತೆ ನಂಬರ್ ಎರಡೆರಡು ಸಲ ಹೇಳಿಸಿ. ಫಿಫ್ಟೀನ್, ಫಿಫ್ಟಿ ಎರಡೂ ಆ ಲೈನ್‌ನಲ್ಲಿ ಒಂದೇ ತರ ಕೇಳ್ತವೆ, ಹಾಗಾಗಿ "ಒನ್ ಫೈವ್" ಅಂತ ಬಿಡಿಸಿ ಹೇಳ್ಬೇಕು. "ಬಿಟ್ವೀನ್ ಸಿಕ್ಸ್ ಅಂಡ್ ಸೆವೆನ್" ಅನ್ನೋದು ಎರಡೂ ಎಸ್‌ನಿಂದ ಶುರು ಆಗೋ ಪದ, ಆ ಕಡೆ ಏನೂ ಉಳಿಯಲ್ಲ, "ಆಫ್ಟರ್ ಟೀ, ಬಿಫೋರ್ ಸೆವೆನ್" ಅಂದ್ರೆ ಆ ಊರಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಟೀ ಅಂದ್ರೆ ಅಲ್ಲಿ ಸಂಜೆ ಊಟ. ಫೋನ್ ನಂಬರ್, ಕೆಲಸದ ಸಮಯ, ರಜಾ ದಿನದ ಮೆಸೇಜ್ ಇವನ್ನೆಲ್ಲ ಬೇರೆ ಬೇರೆ ಫೈಲ್ ಆಗಿ ತಗೊಳ್ಳಿ, ಸೊನ್ನೆಯಿಂದ ಒಂಬತ್ತರ ವರೆಗೆ ಅಂಕಿಗಳನ್ನೂ ವಾರದ ಏಳು ದಿನದ ಹೆಸರನ್ನೂ ಅದೇ ಸೆಷನ್‌ನಲ್ಲಿ ಓದಿಸಿಟ್ಕೊಳ್ಳಿ, ಅದನ್ನ ಮುಂದೆ ನೀವು ಜೋಡಿಸಿ ಬಳಸೋಕೆ ಅವರ ಒಪ್ಪಿಗೆ ಇದೆ ಅಂತ ಆ ಇಮೇಲ್‌ನಲ್ಲೇ ಒಂದು ಸಾಲು ಇರ್ಲಿ. ಕ್ರಿಸ್‌ಮಸ್‌ಗೆ ಟೈಮ್ ಬದಲಾದಾಗ ಮತ್ತೆ ಬುಕ್ ಮಾಡೋ ಖರ್ಚು ಉಳಿಯುತ್ತೆ.